ಇಂಗ್ಲೆಂಡಿನಲ್ಲಿ ಕೌನ್ಸಿಲ್ ವಯಸ್ಕರ ಆರೈಕೆಯನ್ನು ಹೇಗೆ ಯೋಜಿಸಿ, ಯಾರಿಂದ ಕೊಳ್ಳುತ್ತದೆ?

ವೃದ್ಧರ ಮತ್ತು ಅಂಗವಿಕಲರ ಆರೈಕೆ ಕೌನ್ಸಿಲ್‌ನ, ಅಂದರೆ ಸ್ಥಳೀಯ ಸರ್ಕಾರದ, ಹೊಣೆ ಎನ್ನುತ್ತಾರೆ, ಆದರೆ ಮನೆಗೆ ಬರುವವರು ಖಾಸಗಿ ಏಜೆನ್ಸಿಯವರು; ಹಾಗಿದ್ದರೆ ಕೌನ್ಸಿಲ್ ಮಾಡುವುದಾದರೂ ಏನು, ಎಷ್ಟು ಸೇವೆ ಬೇಕೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಿದ್ದೀರಿ. ಇಲ್ಲಿನ ಒಂದು ಕೌನ್ಸಿಲ್‌ನಲ್ಲಿ ಇದೇ ಕೆಲಸದಲ್ಲಿರುವುದರಿಂದ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಕಾನೂನು ಬೇರೆ. ಇಲ್ಲಿ ಹೇಳುವುದು ಇಂಗ್ಲೆಂಡಿಗೆ ಮಾತ್ರ ಅನ್ವಯಿಸುತ್ತದೆ.

1948ರ ಕಾನೂನಿನ ಪ್ರಕಾರ ವೃದ್ಧರಿಗೆ ವಸತಿ ಒದಗಿಸುವುದು ಕೌನ್ಸಿಲ್‌ನ ಕರ್ತವ್ಯವಾಗಿತ್ತು, ಮತ್ತು ದೀರ್ಘಕಾಲ ಕೌನ್ಸಿಲ್‌ಗಳು ತಾವೇ ಕೇರ್ ಹೋಮ್‌ಗಳನ್ನು (ಆರೈಕೆ ಬೇಕಾದವರು ವಾಸಿಸುವ ಮನೆಗಳನ್ನು) ಕಟ್ಟಿ ನಡೆಸುತ್ತಿದ್ದವು. ಸಮುದಾಯದಲ್ಲೇ ಆರೈಕೆ ಕುರಿತ 1990ರ ಕಾಯ್ದೆಯ ಮುಖ್ಯ ಭಾಗ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಅವು ನಿಧಾನವಾಗಿ ನಡೆಸುವವರ ಸ್ಥಾನದಿಂದ ಕೊಳ್ಳುವವರ ಸ್ಥಾನಕ್ಕೆ ಸರಿದವು. ಈಗ ಆಧಾರವಾಗಿರುವುದು 2015ರ ಏಪ್ರಿಲ್‌ನಿಂದ ಜಾರಿಯಲ್ಲಿರುವ 2014ರ ಕೇರ್ ಆಕ್ಟ್. ಅದರ 5ನೆಯ ಸೆಕ್ಷನ್ ಕೌನ್ಸಿಲ್‌ಗೆ ವಹಿಸಿರುವ ಕರ್ತವ್ಯ ದೊಡ್ಡದು: ತಾನು ಹಣ ಕೊಡುವವರಿಗಷ್ಟೇ ಅಲ್ಲ, ಸ್ವಂತ ಹಣದಲ್ಲಿ ಆರೈಕೆ ಪಡೆಯುವವರಿಗೂ ತನ್ನ ವ್ಯಾಪ್ತಿಯಲ್ಲಿ ಬಗೆಬಗೆಯ, ಗುಣಮಟ್ಟದ ಸೇವೆಗಳು ಸಿಗುವಂತೆ ಅದು ನೋಡಿಕೊಳ್ಳಬೇಕು.

ಯೋಜನೆ ಆರಂಭವಾಗುವುದು ಅಗತ್ಯಗಳ ಅಂದಾಜಿನಿಂದ. ಕೌನ್ಸಿಲ್ ಮತ್ತು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಸೇರಿ ಸ್ಥಳೀಯ ಜನರ ಆರೋಗ್ಯದ ಮತ್ತು ಆರೈಕೆಯ ಅಗತ್ಯಗಳ ಜಂಟಿ ವರದಿಯೊಂದನ್ನು ಸಿದ್ಧಪಡಿಸುತ್ತವೆ. 85 ದಾಟಿದವರ ಸಂಖ್ಯೆ ಎಷ್ಟು ಏರಲಿದೆ, ಡಿಮೆನ್ಷಿಯಾ ಇರುವವರೆಷ್ಟು, ಒಂಟಿಯಾಗಿರುವವರೆಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಹೊರಗಿನವರು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ, ದೀರ್ಘಾವಧಿ ಆರೈಕೆಯ ಖರ್ಚಿನಲ್ಲಿ ಸುಮಾರು ಅರ್ಧದಷ್ಟು 65ಕ್ಕಿಂತ ಕಡಿಮೆ ವಯಸ್ಸಿನವರಿಗೆ, ಅದರಲ್ಲೂ ಹೆಚ್ಚಾಗಿ ಕಲಿಕೆಯ ನ್ಯೂನತೆಯುಳ್ಳವರಿಗೆ ಹೋಗುತ್ತದೆ. ಇಂದು ವಿಶೇಷ ಶಾಲೆಯಲ್ಲಿರುವ ಮಗುವಿಗೆ 18 ತುಂಬುವ ವರ್ಷ ಯಾವುದೆಂದು ಈಗಲೇ ಗೊತ್ತಿರುವಾಗ, ಅವನಿಗೆ ಬೇಕಾಗುವ ಮನೆ ಮತ್ತು ಸಹಾಯಕರ ಬಗ್ಗೆ ಕೊನೆಯ ವರ್ಷದವರೆಗೂ ಯೋಚಿಸದಿರುವುದಕ್ಕೆ ಯಾವ ಸಬೂಬೂ ಇಲ್ಲ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ಅಂದಾಜಿನ ಆಧಾರದ ಮೇಲೆ ಕೌನ್ಸಿಲ್, ತನಗೆ ಮುಂದೆ ಯಾವ ಸೇವೆ ಹೆಚ್ಚು ಬೇಕು, ಯಾವುದು ಕಡಿಮೆ ಸಾಕು ಎಂದು ಸೇವಾದಾರರಿಗೆ ತಿಳಿಸುವ ಹೇಳಿಕೆಯನ್ನು ಪ್ರಕಟಿಸುತ್ತದೆ. ನಂತರ ಟೆಂಡರ್ ಕರೆದು, ಅರ್ಹರಾದ ಏಜೆನ್ಸಿಗಳ ಪಟ್ಟಿಯನ್ನು ಮಾಡಿಕೊಳ್ಳುತ್ತದೆ.

ಆದರೆ ಇಷ್ಟೆಲ್ಲ ಕಾಗದಪತ್ರಗಳಿಗಿಂತ, ಗಂಟೆಗೆ ಎಷ್ಟು ದರ ಕೊಡುತ್ತೇವೆ ಮತ್ತು ಕೆಲಸವನ್ನು ಯಾವ ರೀತಿ ಹಂಚುತ್ತೇವೆ ಎಂಬೆರಡು ತೀರ್ಮಾನಗಳೇ ಆರೈಕೆಯ ಗುಣಮಟ್ಟವನ್ನು ನಿರ್ಧರಿಸುತ್ತವೆ. ಏಜೆನ್ಸಿಗಳಿಗೆ ನಾವು ಕಳುಹಿಸುವ ಒಂದು ಕೋರಿಕೆ ಹೇಗಿರುತ್ತದೆಂದು ನೋಡಿ. ಅದರಲ್ಲಿ ಹೆಸರಿರುವುದಿಲ್ಲ. ಎಂಬತ್ತು ದಾಟಿದ ಮಹಿಳೆ, ಒಂಟಿ ವಾಸ, ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾರೆ. ಹಾಸಿಗೆಯಿಂದ ಎಬ್ಬಿಸಲು ಹಾಯ್ಸ್ಟ್ (ಎತ್ತುವ ಸಾಧನ) ಬಳಸಬೇಕಾದ್ದರಿಂದ ಪ್ರತಿ ಭೇಟಿಗೂ ಇಬ್ಬರು ಬೇಕು. ಬೆಳಿಗ್ಗೆ 45 ನಿಮಿಷ, ಮಧ್ಯಾಹ್ನ, ಸಂಜೆ ಮತ್ತು ರಾತ್ರಿ ಅರ್ಧರ್ಧ ಗಂಟೆ. ಪಟ್ಟಣದ ವಿಳಾಸವಾದರೆ ಅಂದೇ ಯಾರಾದರೂ ಒಪ್ಪಿಕೊಳ್ಳುತ್ತಾರೆ. ಬಸ್ಸೂ ಸರಿಯಾಗಿ ಬಾರದ ಹಳ್ಳಿಯಾದರೆ ಯಾರೂ ಮುಂದೆ ಬರುವುದಿಲ್ಲ, ಏಕೆಂದರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಸಮಯವನ್ನೂ ಕನಿಷ್ಠ ವೇತನದ ಲೆಕ್ಕಕ್ಕೆ ಸೇರಿಸಬೇಕೆಂದು ಕಾನೂನು ಹೇಳುತ್ತದೆ, ಕೌನ್ಸಿಲ್ ಹಣ ಕೊಡುವುದು ಮಾತ್ರ ಬಹುತೇಕ ಮನೆಯೊಳಗೆ ಕಳೆದ ನಿಮಿಷಗಳಿಗೆ. ಹೀಗಾಗಿ ಆ ಅಜ್ಜಿ ವೈದ್ಯರು ಮನೆಗೆ ಹೋಗಬಹುದೆಂದ ಮೇಲೂ ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುತ್ತಾರೆ.

ಇದಕ್ಕೆ ಇರುವ ಪರಿಹಾರವೂ ಕೊಳ್ಳುವ ಕ್ರಮದಲ್ಲೇ ಇದೆ. ಕೌಂಟಿಯನ್ನು ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೆ ಒಂದೆರಡು ಏಜೆನ್ಸಿಗಳನ್ನು ಗೊತ್ತುಮಾಡಿ, ವಾರಕ್ಕೆ ಇಷ್ಟು ಗಂಟೆಗಳ ಕೆಲಸ ಖಚಿತವೆಂದು ಭರವಸೆ ಕೊಟ್ಟರೆ, ಅವರು ಅದೇ ಊರುಗಳ ಜನರನ್ನು ಸಂಬಳಕ್ಕೆ ನೇಮಿಸಿಕೊಳ್ಳಲು ಧೈರ್ಯ ಮಾಡುತ್ತಾರೆ. ವೈಯಕ್ತಿಕ ಶುಚಿತ್ವಕ್ಕೆ ನೆರವು ಬೇಕಾದವರಿಗೆ 15 ನಿಮಿಷದ ಭೇಟಿ ಸೂಕ್ತವಲ್ಲವೆಂದು ಸರ್ಕಾರದ ಮಾರ್ಗಸೂಚಿಯೇ ಹೇಳಿದೆ. ನಡುಗುವ ಕೈಗಳ ವೃದ್ಧರೊಬ್ಬರಿಗೆ ಸ್ನಾನ ಮಾಡಿಸಿ, ಬಟ್ಟೆ ಹಾಕಿ, ತಿಂಡಿ ಕೊಡಲು ಎಷ್ಟು ಹೊತ್ತು ಬೇಕೆಂಬುದು ಮನೆಯಲ್ಲಿ ಹಿರಿಯರನ್ನು ನೋಡಿಕೊಂಡ ಯಾರಿಗೂ ಗೊತ್ತು. ಕೆಲಸಗಾರರ ಕೊರತೆಯೂ ಇದಕ್ಕೆ ಹೆಣೆದುಕೊಂಡಿದೆ: 2022ರ ಫೆಬ್ರವರಿಯಲ್ಲಿ ಆರೈಕೆ ಕೆಲಸಗಾರರಿಗೆ ವೀಸಾ ತೆರೆದಾಗ ಭಾರತದಿಂದಲೂ ಬಹಳ ಮಂದಿ ಬಂದರು, 2025ರ ಜುಲೈನಲ್ಲಿ ಹೊರದೇಶದಿಂದ ಹೊಸ ನೇಮಕಾತಿ ನಿಂತುಹೋಯಿತು.

ದರವನ್ನು ತೀರಾ ಬಿಗಿಹಿಡಿದರೆ ಹೊರೆ ಬೇರೆಯವರ ಮೇಲೆ ಬೀಳುತ್ತದೆ. 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇರುವವರು ಕೇರ್ ಹೋಮ್‌ನ ವೆಚ್ಚವನ್ನು ತಾವೇ ಭರಿಸಬೇಕು, ಮತ್ತು ಈ ಮಿತಿ 2010ರಿಂದ ಬದಲಾಗಿಲ್ಲ. ಹೀಗೆ ಸ್ವಂತ ಹಣ ಕೊಡುವವರು ಅದೇ ಹೋಮ್‌ನಲ್ಲಿ ಕೌನ್ಸಿಲ್ ಕೊಡುವುದಕ್ಕಿಂತ ಸರಾಸರಿ ಶೇ. 41ರಷ್ಟು ಹೆಚ್ಚು ಕೊಡುತ್ತಿದ್ದಾರೆಂದು ಮಾರುಕಟ್ಟೆಯ ಸ್ಪರ್ಧೆಯ ಮೇಲೆ ನಿಗಾ ಇಡುವ ಸರ್ಕಾರಿ ಪ್ರಾಧಿಕಾರ 2017ರಲ್ಲಿ ಕಂಡುಕೊಂಡಿತು. ಇನ್ನೊಂದು ಅಪಾಯ ಸೇವಾದಾರರೇ ಮುಳುಗುವುದು. 2011ರಲ್ಲಿ ಸದರ್ನ್ ಕ್ರಾಸ್ ಕಂಪನಿ ಕುಸಿದಾಗ ಸುಮಾರು 750 ಕೇರ್ ಹೋಮ್‌ಗಳ 31,000 ನಿವಾಸಿಗಳ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು. ಈಗ ಅಂಥ ಕುಸಿತವಾದರೆ, ಆರೈಕೆಗೆ ಹಣ ಯಾರೇ ಕೊಡುತ್ತಿರಲಿ, ಅದು ಕಡಿಯದಂತೆ ತಾತ್ಕಾಲಿಕವಾಗಿ ಮುಂದುವರಿಸುವ ಹೊಣೆ ಕೇರ್ ಆಕ್ಟ್‌ನ 48ನೆಯ ಸೆಕ್ಷನ್ ಪ್ರಕಾರ ಕೌನ್ಸಿಲ್‌ನದು.

ನೀವಿರುವ ಊರಿನ ಕೌನ್ಸಿಲ್ ಇದನ್ನೆಲ್ಲ ಎಷ್ಟು ಶ್ರದ್ಧೆಯಿಂದ ಮಾಡುತ್ತಿದೆಯೆಂದು ತಿಳಿಯಬೇಕಿದ್ದರೆ, ಅದರ ವೆಬ್‌ಸೈಟಿನಲ್ಲಿ ಮೇಲೆ ಹೇಳಿದ ಜಂಟಿ ವರದಿ ಮತ್ತು ಸೇವಾದಾರರಿಗಾಗಿ ಪ್ರಕಟಿಸುವ ಹೇಳಿಕೆಯ ಜೊತೆಗೆ, ಏಪ್ರಿಲ್‌ನಿಂದ ಅನ್ವಯಿಸುವ ಹೊಸ ದರಗಳ ನಿರ್ಣಯವನ್ನೂ ಹುಡುಕಿ ಓದಿ. 2023ರಿಂದ ಆರೈಕೆ ಸೇವೆಗಳ ಗುಣಮಟ್ಟ ನೋಡುವ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ಕೌನ್ಸಿಲ್‌ಗಳನ್ನೂ ಪರಿಶೀಲಿಸುತ್ತಿದೆ, ಆ ವರದಿಗಳೂ ಸಾರ್ವಜನಿಕವಾಗಿ ಸಿಗುತ್ತವೆ.