ಶಾಲೆ ಕೇಳಲಿಲ್ಲ ಅಂತ ಬಿಟ್ಟಿದ್ದೆವು

ತಂಗಿ, ನಿನ್ನ ಪ್ರಶ್ನೆ ಓದಿದೆ. ನ್ಯೂಜೆರ್ಸಿಗೆ ಬಂದು ಎರಡು ತಿಂಗಳಾಗಿದೆ, ಮಗನಿಗೆ 13, ಮಗಳಿಗೆ 6. ಡಾಕ್ಟರ್ ಇಬ್ಬರಿಗೂ ಫ್ಲೂ ಶಾಟ್, ಅಂದರೆ ಫ್ಲೂ ಜ್ವರದ ಲಸಿಕೆ, ಹಾಕಿಸಿ ಅಂದಿದ್ದಾರೆ. "ಇಷ್ಟು ದೊಡ್ಡ ಹುಡುಗನಿಗೂ ಬೇಕಾ ಅಕ್ಕಾ? ಶಾಲೆಯವರೇನೂ ಕೇಳಿಲ್ಲ" ಅಂತ ಬರೆದಿದ್ದೀಯ. ಜೊತೆಗೆ ಚಳಿ ಬಟ್ಟೆ, ಡ್ರೈವಿಂಗ್ ಲೈಸೆನ್ಸ್, ಡಿಸೆಂಬರ್ ಮೊದಲ ವಾರ ಬರುವ ಅತ್ತೆ ಮಾವ. ಅಕ್ಕಾ ಅಂದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಚಳಿ ಬಟ್ಟೆ ಇಲ್ಲೇ ತಗೋ. ಅಲ್ಲಿಂದ ತಂದ ಸ್ವೆಟರ್ ಜನವರಿಗೆ ಸಾಲದು. ಲೈಸೆನ್ಸ್‌ಗೆ ಅವರು ಕೊಡುವ ಪುಸ್ತಕ ಓದು, ಸಾಕು. ಫ್ಲೂ ವಿಷಯಕ್ಕೆ ಮಾತ್ರ ಸ್ವಲ್ಪ ಜಾಸ್ತಿ ಹೇಳುವುದಿದೆ.

ನಾವು ಬಂದದ್ದು 2007ರಲ್ಲಿ. ನಮಗೆ ಇಂಜೆಕ್ಷನ್ ಅಂದರೆ ಹೇಗೆ ಅಂತ ನಿನಗೆ ಗೊತ್ತಲ್ವಾ? ಮಗು ಹುಟ್ಟಿದಾಗ ಕೊಟ್ಟ ಕಾರ್ಡು ತುಂಬಿದರೆ ಮುಗೀತು. ಆಮೇಲೆ ಜ್ವರ ಬಂದರೆ ಕ್ರೋಸಿನ್, ಗಂಜಿ, ಮೂರು ದಿನ ಮಲಗು. ಅದೇ ಲೆಕ್ಕ ಹೊತ್ತುಕೊಂಡು ಬಂದಿದ್ದೆವು.

ಆಗ ಇಲ್ಲೂ ಮಕ್ಕಳ ಪೈಕಿ ಫ್ಲೂ ಲಸಿಕೆ ಐದು ವರ್ಷದೊಳಗಿನವರಿಗೆ, ಆಸ್ತಮಾ, ಸಕ್ಕರೆ ಕಾಯಿಲೆಯಂಥವು ಇರುವವರಿಗೆ ಅಂತಿತ್ತು. 2008ರ ಫೆಬ್ರವರಿಯಲ್ಲಿ ಸಿಡಿಸಿಯ (ಇಲ್ಲಿನ ಕೇಂದ್ರ ಸರಕಾರದ ರೋಗ ನಿಯಂತ್ರಣ ಸಂಸ್ಥೆ) ಸಲಹಾ ಸಮಿತಿ ಅದನ್ನು ಹಿಗ್ಗಿಸಿತು. ಆರು ತಿಂಗಳಿಂದ 18 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಪ್ರತಿವರ್ಷ ಹಾಕಿಸಿ ಅಂದಿತು. ಅದೇ ಸೆಪ್ಟೆಂಬರ್‌ನಿಂದ ನ್ಯೂಜೆರ್ಸಿ ಸರಕಾರ ಪ್ರೀಸ್ಕೂಲ್, ಡೇಕೇರ್ ಮಕ್ಕಳಿಗೆ ಫ್ಲೂ ಲಸಿಕೆ ಕಡ್ಡಾಯ ಮಾಡಿತು. ಡಿಸೆಂಬರ್ 31ರೊಳಗೆ ಹಾಕಿಸಿರಬೇಕು.

ನಮ್ಮ ಮಗಳಿಗೆ ಆಗ 4. ಪ್ರೀಸ್ಕೂಲಿನವರು ಕಾಗದ ಕೇಳಿದರು, ಹಾಕಿಸಿದೆವು. ಮಗನಿಗೆ 11. ಆರನೇ ಕ್ಲಾಸಿಗೆ ಶಾಲೆ ಕೇಳಿದ್ದು ಟಿಡ್ಯಾಪ್ (ಧನುರ್ವಾಯು, ಡಿಫ್ತೀರಿಯಾ, ನಾಯಿಕೆಮ್ಮಿಗೆ) ಮತ್ತು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆ. ಎರಡನ್ನೂ ಹಾಕಿಸಿದೆವು. ಡಾಕ್ಟರ್ ಫ್ಲೂ ಬಗ್ಗೆಯೂ ಹೇಳಿದರು. "ಅದು ಕಡ್ಡಾಯವಾ?" ಅಂತ ನಾನೇ ಕೇಳಿದೆ. ಅಲ್ಲ ಅಂದರು. ಹಾಗಿದ್ರೆ ಬೇಡ ಬಿಡಿ, ಸುಮ್ನೆ ಯಾಕೆ ಇನ್ನೊಂದು ಚುಚ್ಚು ಅಂದೆ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ನವೆಂಬರ್‌ನಲ್ಲಿ ನಮ್ಮತ್ತೆ ಆರು ತಿಂಗಳಿಗೆ ಅಂತ ಬಂದರು. ಅವರಿಗೂ ಹಾಕಿಸಲಿಲ್ಲ, ಯೋಚನೆಯೇ ಬರಲಿಲ್ಲ. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಮಗ ಶಾಲೆಯಿಂದ ಬಂದವನೇ ಬ್ಯಾಗನ್ನೂ ತೆಗೆಯದೆ ಸೋಫಾ ಮೇಲೆ ಬಿದ್ದುಕೊಂಡ. 103 ಡಿಗ್ರಿ ಜ್ವರ. ಆ ರಾತ್ರಿ ಅತ್ತೆ ನನ್ನನ್ನು ಹತ್ತಿರ ಬಿಡಲಿಲ್ಲ. ನಿನಗೆ ಬೆಳಗ್ಗೆ ಕೆಲಸ ಇದೆ, ಹೋಗಿ ಮಲಗು ಅಂದರು. ತಮ್ಮ ಹಳೇ ಸೀರೆಯ ಚೂರನ್ನು ನೀರಲ್ಲಿ ಅದ್ದಿ, ಹಿಂಡಿ, ಅವನ ಹಣೆ ಮೇಲೆ ಹಾಕುತ್ತಾ ಬೆಳಗಿನವರೆಗೂ ಕೂತಿದ್ದರು. ಅವನು ಅವರ ಮುಖಕ್ಕೇ ಕೆಮ್ಮುತ್ತಿದ್ದ.

ಮಗ ಐದು ದಿನಕ್ಕೆ ಎದ್ದು ಓಡಾಡಿದ. ಅಷ್ಟರಲ್ಲಿ ಅತ್ತೆಗೆ ಶುರುವಾಗಿತ್ತು. ಅದು ನ್ಯುಮೋನಿಯಾಕ್ಕೆ ತಿರುಗಿ ಒಂಬತ್ತು ದಿನ ಐಸಿಯುನಲ್ಲಿದ್ದರು. ಬಿಲ್ಲಿನ ಮಾತು ಇಲ್ಲಿ ಬೇಡ. ಫ್ಲೂ ಕಾಲದಲ್ಲಿ ಚಿಕ್ಕವರನ್ನು ವಾರ್ಡಿಗೆ ಬಿಡುವುದಿಲ್ಲ ಅಂತ ಬಾಗಿಲಲ್ಲೇ ಬೋರ್ಡ್ ಹಾಕಿದ್ದರು. ಮಗ ಕೆಳಗೆ ಕುರ್ಚಿಯಲ್ಲಿ ಕೂತಿರುತ್ತಿದ್ದ. ಒಂದು ಸಂಜೆ ನಾನು ಇಳಿದು ಬಂದಾಗ ತಲೆ ಎತ್ತದೆ ಕೇಳಿದ: "ಅಮ್ಮಾ, ಅಜ್ಜಿಗೆ ನನ್ನಿಂದ ಬಂತಾ?"

ನಿನ್ನಿಂದಲ್ಲ, ನನ್ನಿಂದ ಅಂತ ಹೇಳಬೇಕಿತ್ತು. ಇಲ್ಲಪ್ಪಾ, ಹಾಗೆಲ್ಲ ಏನಿಲ್ಲ ಅಂದುಬಿಟ್ಟೆ. ಅವನು ನಂಬಲಿಲ್ಲ.

ಅತ್ತೆ ಉಳಿದರು. ಏಪ್ರಿಲ್‌ನಲ್ಲಿ ವೀಲ್‌ಚೇರಿನಲ್ಲಿ ಕೂತು ವಿಮಾನ ಹತ್ತಿದರು. ಮತ್ತೆ ಈ ದೇಶಕ್ಕೆ ಬರಲಿಲ್ಲ. ಎಷ್ಟು ಕರೆದರೂ "ನೀವೇ ಬನ್ನಿ" ಅನ್ನುತ್ತಿದ್ದರು.

ದೊಡ್ಡ ಹುಡುಗನಿಗೂ ಬೇಕಾ ಅಂತ ಕೇಳಿದೆಯಲ್ಲ, ಅದಕ್ಕೇ ಇಷ್ಟೆಲ್ಲ ಹೇಳಿದೆ. ಶಾಲೆಗೆ ಹೋಗುವ ಮಕ್ಕಳಲ್ಲಿ ಫ್ಲೂ ಬೇಗ ಹಬ್ಬುತ್ತೆ, ಅವರಿಂದ ಮನೆಯವರಿಗೆ ದಾಟುತ್ತೆ. ಗಟ್ಟಿಮುಟ್ಟಾದ ಮಕ್ಕಳೂ ಕೆಲವೊಮ್ಮೆ ಆಸ್ಪತ್ರೆ ಸೇರುತ್ತಾರೆ. ಸಾಯುವವರೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಳ್ಳದವರು. 2010ರಲ್ಲಿ ಸಿಡಿಸಿ ಸಮಿತಿಯ ಸಲಹೆ ಆರು ತಿಂಗಳು ದಾಟಿದ ಎಲ್ಲರಿಗೂ ಅಂತಾಯಿತು. ಸರಕಾರದ ಲಸಿಕೆ ಪಟ್ಟಿಯ ಬಗ್ಗೆ ಏನೇ ಚರ್ಚೆ ನಡೆಯಲಿ, ಇಲ್ಲಿನ ಮಕ್ಕಳ ಡಾಕ್ಟರ್‌ಗಳ ಅಕಾಡೆಮಿ ಆರು ತಿಂಗಳು ದಾಟಿದ ಎಲ್ಲ ಮಕ್ಕಳಿಗೂ ಹಾಕಿಸಿ ಅಂತಲೇ ಹೇಳುತ್ತೆ. ಶಾಲೆ ಕೇಳುವುದು ಶಾಲೆಯ ಕಾಗದಕ್ಕೆ ಬೇಕಾದಷ್ಟನ್ನು ಮಾತ್ರ ಕಣೇ.

ಲಸಿಕೆ ಹಾಕಿಸಿದರೆ ಫ್ಲೂ ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ವೈರಸ್ ವರ್ಷವರ್ಷ ಬದಲಾಗುತ್ತೆ, ಅದಕ್ಕೇ ವರ್ಷವರ್ಷ ಹೊಸ ಲಸಿಕೆ. ಲಸಿಕೆ ಆ ವರ್ಷದ ವೈರಸ್‌ಗೆ ಚೆನ್ನಾಗಿ ಹೊಂದಿದಾಗಲೂ ಫ್ಲೂ ಬಂದು ಡಾಕ್ಟರ್ ಹತ್ತಿರ ಓಡುವ ಸಂಭವ ನೂರಕ್ಕೆ 40ರಿಂದ 60ರಷ್ಟು ಇಳಿಯುತ್ತೆ, ಅಷ್ಟೇ. ಆದರೆ ಬಂದರೂ ಅಷ್ಟು ಜೋರಾಗಿ ಬರುವುದು ಕಡಿಮೆ. ಇಂಜೆಕ್ಷನ್‌ನಿಂದಲೇ ಫ್ಲೂ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡ, ಅದರಲ್ಲಿ ಜೀವಂತ ವೈರಸ್ ಇರುವುದಿಲ್ಲ. ತೋಳು ಒಂದೆರಡು ದಿನ ನೋಯಬಹುದು, ಮೈ ಸ್ವಲ್ಪ ಬಿಸಿಯಾಗಬಹುದು. ಮಗಳು ಸೂಜಿಗೆ ಹೆದರಿದರೆ ಮೂಗಿಗೆ ಬಿಡುವ ಸ್ಪ್ರೇ ಇದೆ. ಅದರಲ್ಲಿ ಇರುವುದು ದುರ್ಬಲ ಮಾಡಿದ ವೈರಸ್, ಉಬ್ಬಸ ಇದ್ದರೆ ಡಾಕ್ಟರ್‌ಗೆ ಮೊದಲೇ ಹೇಳು. ದುಡ್ಡಿನ ಚಿಂತೆ ಬೇಡ, ಹೆಚ್ಚಿನ ಇನ್ಶೂರೆನ್ಸ್‌ಗಳಲ್ಲಿ ಕೈಯಿಂದ ಏನೂ ಕೊಡಬೇಕಿಲ್ಲ.

ಒಂದು ಮುಖ್ಯ ವಿಷಯ. ಒಂಬತ್ತು ವರ್ಷದೊಳಗಿನ ಮಗುವಿಗೆ ಮೊದಲ ಸಲ ಆದರೆ ಎರಡು ಡೋಸ್ ಬೇಕು, ನಡುವೆ ಕನಿಷ್ಠ ನಾಲ್ಕು ವಾರ. ಅಲ್ಲಿ ಹಿಂದೆ ಹಾಕಿಸಿದ್ದರೆ ಕಾರ್ಡ್ ತೋರಿಸು. ಮಗನಿಗೆ ಒಂದೇ ಸಾಕು. ಹಾಕಿಸಿದ ಮೇಲೆ ಶಕ್ತಿ ಬರಲು ಸುಮಾರು ಎರಡು ವಾರ. ಮಗಳಿಗೆ ಈ ವಾರ ಮೊದಲನೆಯದು, ನಾಲ್ಕು ವಾರಕ್ಕೆ ಎರಡನೆಯದು, ಆಮೇಲೆ ಎರಡು ವಾರ. ಇವತ್ತು ಅಕ್ಟೋಬರ್ 6. ನಿನ್ನ ಅತ್ತೆ ಮಾವ ಬಂದಿಳಿಯುವ ಹೊತ್ತಿಗೆ ಸರಿಹೋಗುತ್ತೆ. ಅವರಿಗೂ ಹೊರಡುವ ಎರಡು ವಾರ ಮೊದಲೇ ಅಲ್ಲೇ ಹಾಕಿಸಿಕೊಂಡು ಬರಲು ಹೇಳು. ನಾಳೆ ಬೆಳಗ್ಗೆ ಡಾಕ್ಟರ್ ಆಫೀಸಿಗೆ ಫೋನ್ ಮಾಡು, ದಿನ ಗೊತ್ತಾದ ಮೇಲೆ ನನಗೊಂದು ಸಾಲು ಬರಿ.