ಬೆತ್ತ ಹಿಡಿಯದೆ ಎಂಟನೇ ಕ್ಲಾಸು ಸುಮ್ಮನಾಗ್ತದಾ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರದ ಒಂದು ಹೈಸ್ಕೂಲಲ್ಲಿ ಕನ್ನಡ ಮೀಡಿಯಂ ಎಂಟನೇ ಕ್ಲಾಸಿಗೆ ಸಯನ್ಸ್ ಟೀಚರ್. ಊಟ ಆದ್ಮೇಲಿನ ಪಿರಿಯಡ್ ಅಂತೂ ಸಂತೆ. ಹಿಂದಿನ ಬೆಂಚಿನ ನಾಲ್ಕೈದು ಹುಡುಗರು ಶುರು ಮಾಡಿದ್ರೆ ಇಡೀ ಕ್ಲಾಸು ಸೇರಿಕೊಳ್ತದೆ, ಬೊಬ್ಬೆ ಹಾಕಿ ಹಾಕಿ ನನ್ನ ಸ್ವರವೇ ಹೋಗಿದೆ. ಮೀಟಿಂಗಿಗೆ ಬಂದ ಪೇರೆಂಟ್ಸ್ "ಎರಡು ಬಿಗೀರಿ ಟೀಚರೇ, ನಾವೇನೂ ಹೇಳುದಿಲ್ಲ" ಅಂತಾರೆ. ಏನು ಮಾಡ್ಲಿ?

ಉತ್ತರ: ಪೇರೆಂಟ್ಸ್ ಒಪ್ಪಿದ್ರೂ ಕಾನೂನು ಒಪ್ಪುದಿಲ್ಲ ಟೀಚರೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯೋದು ಮಾತ್ರ ಅಲ್ಲ ಮಾನಸಿಕ ಕಿರುಕುಳವೂ ನಿಷಿದ್ಧ, ಮೀರಿದ್ರೆ ಸರ್ವಿಸ್ ರೂಲ್ಸಿನಂತೆ ಕ್ರಮ. ಮತ್ತೆ ಇವತ್ತು ಬಿಗೀರಿ ಅಂದವ್ರೇ ನಾಳೆ ಮಗನ ಕೈ ಬಾತರೆ ಹೆಡ್ಮಾಸ್ಟ್ರ ರೂಮಿಗೆ ಬರ್ತಾರೆ, ಅದೂ ಗೊತ್ತಿರ್ಲಿ.

ಗಲಾಟೆ ಯಾವ ಹೊತ್ತಿಗೆ ಶುರುವಾಗ್ತದೆ ಅಂತ ಎರಡು ದಿನ ಗಮನಿಸಿ ನೋಡಿ. ನೀವು ಬೋರ್ಡಿಗೆ ತಿರುಗಿ ಚಿತ್ರ ಬಿಡಿಸುವಾಗ, ನೋಟ್ ಬುಕ್ಕು ಹಂಚುವಾಗ, ಒಟ್ಟಿನಲ್ಲಿ ಮಕ್ಕಳ ಕೈಗೆ ಕೆಲಸ ಇಲ್ಲದಾಗ. ಜೇಕಬ್ ಕೌನಿನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರಲ್ಲೇ ಬರೆದದ್ದು ಇದನ್ನೇ, ಒಳ್ಳೆ ಟೀಚರಿಗೂ ಉಳಿದವ್ರಿಗೂ ವ್ಯತ್ಯಾಸ ಕಾಣೋದು ತಪ್ಪು ಮಾಡಿದ ಮೇಲೆ ಗದರೋದ್ರಲ್ಲಿ ಅಲ್ಲ, ಗಲಾಟೆಗೆ ಎಡೆ ಬಿಡದೆ ಕ್ಲಾಸು ನಡೆಸೋದ್ರಲ್ಲಿ. ಹಾಗಾಗಿ ಚಿತ್ರ ಮೊದಲೇ ಚಾರ್ಟಲ್ಲಿ ತಯಾರಿರ್ಲಿ, ಮಕ್ಕಳು ಕೈ ತೊಳೆದು ಬರುವಷ್ಟರಲ್ಲಿ ಬೋರ್ಡಲ್ಲಿ ಒಂದು ಪ್ರಶ್ನೆ ಇರ್ಲಿ, ಕೂತ ಕೂಡ್ಲೇ ಉತ್ತರ ಬರೀಬೇಕು. ಬುಕ್ಕು ಹಂಚೋ ಕೆಲಸ ಆ ಹಿಂದಿನ ಬೆಂಚಿನವ್ರಿಗೇ ಕೊಡಿ. ನೀವೂ ಮೇಜಿನ ಹತ್ರ ನಿಲ್ಬೇಡಿ, ಹಿಂದೆ ಹೋಗಿ ಅವ್ರ ಪಕ್ಕದಲ್ಲೇ ನಿಂತು ಪಾಠ ಮಾಡಿ, ಬೊಬ್ಬೆ ಬೇಕಾಗುದಿಲ್ಲ.

ಇನ್ನೊಂದು, ಇದು ನಮ್ಮ ಕಡೆಯ ಸಂಗತಿ. ಕೇರಳದಲ್ಲಿ ಹೈಸ್ಕೂಲು ಶುರುವಾಗೋದೇ ಎಂಟರಿಂದ, ಬೇರೆ ಬೇರೆ ಯುಪಿ (ಅಪ್ಪರ್ ಪ್ರೈಮರಿ, ಏಳನೇ ಕ್ಲಾಸಿನವರೆಗಿನ) ಶಾಲೆಗಳಿಂದ ಬಂದ ಮಕ್ಕಳು, ಯಾರು ದೊಡ್ಡವ ಅಂತ ತೋರಿಸ್ಲಿಕ್ಕೂ ಸ್ವಲ್ಪ ಹಾರಾಟ ಇರ್ತದೆ. ಮನೆಯಲ್ಲಿ ಒಬ್ಬನಿಗೆ ತುಳು, ಒಬ್ಬನಿಗೆ ಬ್ಯಾರಿ, ಮತ್ತೊಬ್ಬನಿಗೆ ಮರಾಟಿ, ಇನ್ನೊಬ್ಬನಿಗೆ ಮಲಯಾಳ, ಪುಸ್ತಕದಲ್ಲಿ ನೋಡಿದ್ರೆ ದ್ಯುತಿಸಂಶ್ಲೇಷಣೆ! ಅರ್ಥ ಆಗದವ ಸುಮ್ಮನೆ ಕೂರ್ತಾನಾ? ಮೊದಲು ಅವನ ಮನೆಮಾತಲ್ಲೇ ಹೇಳ್ಲಿಕ್ಕೆ ಬಿಡಿ, ಆಮೇಲೆ ಪುಸ್ತಕದ ಶಬ್ದ. ಆ ನಾಲ್ಕೈದು ಜನರಲ್ಲಿ ಸರಿಯಾಗಿ ಓದ್ಲಿಕ್ಕೇ ಬಾರದವ ಇದ್ದಾನಾ ಅಂತಲೂ ನೋಡಿ, ಇದ್ರೆ ಅವನಿಗೆ ಗದರಿ ಪ್ರಯೋಜನ ಇಲ್ಲ, ಓದೋದನ್ನೇ ಕಲಿಸ್ಬೇಕು.

ಲೀಡರ್ ಕೈಲಿ ಮಾತಾಡಿದವ್ರ ಹೆಸರು ಬೋರ್ಡಲ್ಲಿ ಬರೆಸುವ ಪದ್ಧತಿ ಇದ್ರೆ ದಯವಿಟ್ಟು ನಿಲ್ಲಿಸಿ, ನನಗದು ಸುತಾರಾಂ ಇಷ್ಟ ಇಲ್ಲ, ಮಕ್ಕಳೊಳಗೆ ದ್ವೇಷ ಹುಟ್ಟೋದು ಬಿಟ್ರೆ ಏನೂ ಆಗುದಿಲ್ಲ. ಒಬ್ಬನೇ ಹುಡುಗ ತೀರಾ ಉಪದ್ರ ಮಾಡ್ತಿದ್ರೆ ಪಿರಿಯಡ್ ಮುಗಿದ್ಮೇಲೆ ಬೇರೆ ಕರೆದು ಮಾತಾಡಿ, ಅದಕ್ಕೂ ಬಗ್ಗದಿದ್ರೆ ಅವನ ಮನೆಯವ್ರಿಗೆ ಫೋನ್ ಮಾಡಿ, ಮೀಟಿಂಗಲ್ಲಿ ಎಲ್ಲರೆದುರು ಮಾತ್ರ ಬೇಡ.