ಅಂಕದ ಸುದ್ದಿಯನ್ನು ಮೊದಲು ಯಾರು ಹೇಳಬೇಕು?

ಓದುಗರೊಬ್ಬರ ಪತ್ರ: ‘ಮಗ ಎಂಟನೆಯ ತರಗತಿಯಲ್ಲಿದ್ದಾನೆ. ಈ ವರ್ಷ ಶಾಲೆಯವರು ಪೋಷಕರಿಗೆಂದು ಒಂದು ಆ್ಯಪ್ ಕೊಟ್ಟಿದ್ದಾರೆ. ಹಾಜರಿ, ಹೋಂವರ್ಕ್, ಕಿರುಪರೀಕ್ಷೆಯ ಅಂಕ ಎಲ್ಲವೂ ಆಗಿಂದಾಗಲೇ ನನ್ನ ಮೊಬೈಲಿಗೆ ಬರುತ್ತವೆ. ಅವನು ಮನೆಗೆ ಬರುವಷ್ಟರಲ್ಲಿ ನನಗೆ ಎಲ್ಲವೂ ತಿಳಿದಿರುತ್ತದೆ. ಮೊದಲು ಶಾಲೆಯ ವಿಷಯ ಹೇಳಿ ಮುಗಿಸದವನು ಈಗ ಬಾಯಿ ಬಿಡುವುದಿಲ್ಲ. ಕೇಳಿದರೆ, “ನಿನಗೆ ಗೊತ್ತಿದೆಯಲ್ಲಮ್ಮ” ಎನ್ನುತ್ತಾನೆ. ಆ್ಯಪ್ ತೆಗೆದುಹಾಕು ಎನ್ನುವುದು ನಮ್ಮ ಯಜಮಾನರ ಮಾತು. ತೆಗೆದರೆ ಮಗ ಓದಿನಲ್ಲಿ ಹಿಂದೆ ಬಿದ್ದಾನೆಂಬ ಹೆದರಿಕೆ ನನಗೆ. ಏನು ಮಾಡಲಿ? ಎರಡನೆಯ ತರಗತಿಯ ಮಗಳಿಗೂ ಇದನ್ನೇ ಶುರು ಮಾಡಬೇಕೆ?’

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ಎಲ್ಲರಿಗಿಂತ ಸರಿಯಾದ ಮಾತನ್ನು ಆಡಿರುವವನು ನಿಮ್ಮ ಮಗ. ಗೊತ್ತಿರುವವರಿಗೆ ಹೇಳುವುದಾದರೂ ಏನನ್ನು? ಅವನು ಹೊತ್ತು ತಂದ ಸುದ್ದಿ ಅವನು ಬಾಗಿಲು ತಟ್ಟುವ ಮೊದಲೇ ಹಳೆಯದಾಗಿರುತ್ತದೆ. ಆಮೇಲೆ ಉಳಿಯುವುದು ವಿಚಾರಣೆ ಮಾತ್ರ. ಆ್ಯಪ್ ತೆಗೆಯಬೇಡಿ, ಆದರೆ ಶಾಲೆಯ ಸುದ್ದಿಯನ್ನು ಮೊದಲು ಹೇಳುವ ಅವಕಾಶವನ್ನು ಅವನಿಗೆ ಹಿಂದಿರುಗಿಸಿ.

ಇದು ಕೇವಲ ಮಗನನ್ನು ಓಲೈಸುವ ಮಾತಲ್ಲ. ಹಾಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಎಂಬ ಸಂಶೋಧಕರು ಸ್ವೀಡನ್ನಿನಲ್ಲಿ 14 ವರ್ಷದ ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಅಧ್ಯಯನ ಮಾಡಿ 2000ದಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಕ್ಕಳ ದಿನಚರಿಯ ಬಗ್ಗೆ ಹೆತ್ತವರಿಗೆ ಇರುವ ತಿಳಿವಳಿಕೆ ಎಲ್ಲಿಂದ ಬರುತ್ತದೆ ಎಂಬುದು ಅವರ ಪ್ರಶ್ನೆ. ಕೇಳಿ ಕೇಳಿ ತಿಳಿದುಕೊಂಡದ್ದಕ್ಕಿಂತ, ಕಟ್ಟುಪಾಡು ಹಾಕಿ ಪತ್ತೆ ಮಾಡಿದ್ದಕ್ಕಿಂತ, ಮಕ್ಕಳು ತಾವಾಗಿಯೇ ಹೇಳಿದ್ದರಿಂದ ಬಂದ ತಿಳಿವಳಿಕೆಯೇ ಹೆಚ್ಚು ಎಂದು ಅವರು ಕಂಡುಕೊಂಡರು. ಅವರು ನೋಡಿದ್ದು ಮಕ್ಕಳ ಓಡಾಟ, ಸ್ನೇಹ, ನಡವಳಿಕೆಗಳನ್ನು, ಗಣಿತದ ಅಂಕಗಳನ್ನಲ್ಲ. ಆದರೂ ನಿಮ್ಮ ಮನೆಯಲ್ಲಿ ಆಗುತ್ತಿರುವುದು ಇದರ ಉಲ್ಟಾ ಅಲ್ಲವೇ? ಮೂರು ಅಂಕ ಕಡಿಮೆ ಬಂದದ್ದು ನಿಮಗೆ ತಿಳಿದಿದೆ. ಆ ದಿನ ಪ್ರಶ್ನೆಯೇ ಅರ್ಥವಾಗಲಿಲ್ಲವೋ, ಸಮಯ ಸಾಲಲಿಲ್ಲವೋ, ಪಕ್ಕದಲ್ಲಿ ಕೂತವನೊಡನೆ ಜಗಳವಾಗಿತ್ತೋ, ಅದು ಯಾವ ಆ್ಯಪ್‌ನಲ್ಲೂ ಬರುವುದಿಲ್ಲ. ಅದನ್ನು ಹೇಳಬಲ್ಲವನು ಬಾಯಿ ಮುಚ್ಚಿಕೊಂಡಿದ್ದಾನೆ.

ಹಾಗೆಂದು ನಿಮ್ಮ ಯಜಮಾನರ ಸಲಹೆಯೂ ನನಗೆ ಒಪ್ಪಿಗೆಯಿಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪೀಟರ್ ಬರ್ಗ್‌ಮನ್ ಮತ್ತು ಎರಿಕ್ ಚಾನ್ ಎಂಬ ಸಂಶೋಧಕರು ಒಂದು ಪ್ರಯೋಗ ನಡೆಸಿದ್ದರು. ಗೈರುಹಾಜರಿ, ಸಲ್ಲಿಸದ ಹೋಂವರ್ಕ್, ಕಡಿಮೆ ಅಂಕ, ಇಷ್ಟನ್ನು ಪೋಷಕರ ಮೊಬೈಲಿಗೆ ಸಂದೇಶವಾಗಿ ಕಳುಹಿಸಿದರು. ವಿಷಯಗಳಲ್ಲಿ ಅನುತ್ತೀರ್ಣರಾಗುವುದು ಶೇ 28ರಷ್ಟು ಕಡಿಮೆಯಾಯಿತು, ತರಗತಿಯ ಹಾಜರಿ ಶೇ 12ರಷ್ಟು ಏರಿತು. ರಾಜ್ಯಮಟ್ಟದ ಪರೀಕ್ಷೆಯ ಅಂಕಗಳು ಮಾತ್ರ ಇದ್ದಲ್ಲೇ ಇದ್ದವು. ನನಗೆ ಇದರಲ್ಲಿ ಕಾಣುವುದು ಇಷ್ಟು: ತಪ್ಪಿಸಿಕೊಂಡ ತರಗತಿ, ಕೊಡದೆ ಉಳಿದ ಹೋಂವರ್ಕ್, ಇವನ್ನು ಹಿಡಿಯಲು ಇಂಥ ಸಂದೇಶ ಒಳ್ಳೆಯ ಸಾಧನ. ಪಾಠ ತಲೆಗೆ ಹತ್ತಿಸುವುದು ಅದರ ಕೈಯಲ್ಲಿಲ್ಲ.

ಆ್ಯಪ್ ತೋರಿಸುವ ಸರಾಸರಿಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ಸಂಜೆಯ ರಗಳೆ ಶುರುವಾಗುವುದು ಅಲ್ಲಿಂದಲೇ. ಶಾಲೆ ಆರಂಭವಾದ ಹೊಸದರಲ್ಲಿ ಒಂದು ಕಿರುಪರೀಕ್ಷೆ ಆಗಿದೆ, 10ಕ್ಕೆ 9 ಬಂದಿದೆ ಎನ್ನಿ. ಪರದೆಯ ಮೇಲೆ ಶೇ 90. ಎರಡನೆಯದರಲ್ಲಿ 10ಕ್ಕೆ 4. ರಾತ್ರೋರಾತ್ರಿ ಸರಾಸರಿ ಶೇ 65ಕ್ಕೆ ಕುಸಿಯುತ್ತದೆ, ತಾಯಿಯ ಎದೆಯೂ ಕುಸಿಯುತ್ತದೆ. ಅದೇ 4 ಅಂಕ, ಒಂಬತ್ತು ಪರೀಕ್ಷೆಗಳಲ್ಲಿ 9 ಬಂದ ಮೇಲೆ ಹತ್ತನೆಯದಾಗಿ ಬಂದಿದ್ದರೆ ಸರಾಸರಿ ಶೇ 85. ಹುಡುಗ ಮಾಡಿದ ತಪ್ಪು ಒಂದೇ, ಒಮ್ಮೆ 25ರ ಕುಸಿತ, ಇನ್ನೊಮ್ಮೆ 5ರದು. ಜೊತೆಗೆ, ಶಿಕ್ಷಕರು ಇನ್ನೂ ತಿದ್ದದ ಉತ್ತರಪತ್ರಿಕೆಗೆ ಸೊನ್ನೆ ತೋರಿಸುವ ವ್ಯವಸ್ಥೆಗಳೂ ಇವೆ. ‘ಸಲ್ಲಿಸಿಲ್ಲ’ ಎಂಬ ಕೆಂಪು ಗುರುತಿನ ಅರ್ಥ ಕೆಲವೊಮ್ಮೆ ಹುಡುಗ ಕೊಟ್ಟಿಲ್ಲವೆಂದು, ಕೆಲವೊಮ್ಮೆ ಶಿಕ್ಷಕರು ಇನ್ನೂ ನಮೂದಿಸಿಲ್ಲವೆಂದು. ಇದನ್ನು ಕೇಳಿ ತಿಳಿಯದೆ ಬೈದರೆ, ಬೈಸಿಕೊಂಡವನು ಮುಂದೆ ನಿಜವಾಗಿ ತಪ್ಪಿದ್ದಾಗಲೂ ‘ಆ್ಯಪ್‌ನದೇ ತಪ್ಪು’ ಎನ್ನಲು ಕಲಿಯುತ್ತಾನೆ.

ಈಗ ಮಾಡಬೇಕಾದದ್ದು. ಕ್ಷಣಕ್ಷಣಕ್ಕೆ ಬರುವ ಸೂಚನೆಗಳನ್ನು ಇಂದೇ ನಿಲ್ಲಿಸಿ. ವಾರಕ್ಕೊಂದು ಹೊತ್ತು ಗೊತ್ತು ಮಾಡಿ, ಅದನ್ನು ಅವನೇ ಆರಿಸಲಿ. ಆ ಹೊತ್ತಿನಲ್ಲಿ ಆ್ಯಪ್ ತೆರೆಯುವವನು ಅವನು, ಮೊದಲು ಮಾತಾಡುವವನೂ ಅವನು. ನೀವು ಕೇಳಬೇಕಾದದ್ದು ಬಾಕಿ ಉಳಿದದ್ದರ ಬಗ್ಗೆ: ಇದು ಯಾಕೆ ಉಳಿದಿದೆ, ಯಾವತ್ತು ಕೊಡುತ್ತೀಯ? ಅಂಕಗಳ ಕಾಲಂ ಇದ್ದಲ್ಲೇ ಇರಲಿ. ಅದರ ಬದಲು ತಿದ್ದಿ ಬಂದ ನೋಟ್‌ಬುಕ್ ತೋರಿಸೆನ್ನಿ. ಶಿಕ್ಷಕರು ಅಂಚಿನಲ್ಲಿ ಬರೆದ ಒಂದು ಸಾಲು ಸರಾಸರಿಗಿಂತ ಹೆಚ್ಚು ಹೇಳುತ್ತದೆ. ಮೊದಲ ಕೆಲವು ವಾರ ಅವನು ಗೊಣಗಬಹುದು, ಎರಡೇ ಮಾತಿನಲ್ಲಿ ಮುಗಿಸಬಹುದು. ಮುಗಿಸಲಿ ಬಿಡಿ. ಮಧ್ಯದಲ್ಲಿ ನಿಮಗೆ ಕುತೂಹಲ ತಡೆಯದೆ ಇಣುಕಿದಿರೆನ್ನಿ, ಕಂಡದ್ದನ್ನು ಆ ದಿನದವರೆಗೆ ಹೊಟ್ಟೆಯಲ್ಲಿಟ್ಟುಕೊಳ್ಳಿ. ಶಾಲೆಯವರು ಹುಡುಗನಿಗೂ ಬೇರೆ ಖಾತೆ ಕೊಟ್ಟಿದ್ದರೆ, ಅವನ ಪಾಸ್‌ವರ್ಡ್ ಹಾಕಿ ಅದನ್ನು ಮಾತ್ರ ತೆರೆಯಬೇಡಿ. ಶಿಕ್ಷಕರ ಸೂಚನೆಯನ್ನು ನೀವು ತೆರೆದರೆ ಅದು ‘ಓದಲಾಗಿದೆ’ ಎಂದಾಗಬಹುದು, ಅವನ ಕಣ್ಣಿಗೆ ಬೀಳದೆಯೇ ಹೋಗಬಹುದು.

ಒಂದೇ ವಿಷಯದಲ್ಲಿ ವಾರದ ಮೇಲೆ ವಾರ ಕೆಲಸ ಉಳಿಯುತ್ತಿದ್ದರೆ ಶಿಕ್ಷಕರನ್ನು ಕಾಣಿ, ಅವನಿಗೆ ತಿಳಿಸಿಯೇ ಹೋಗಿ.

ಪಾಠ ಹೇಳಿಕೊಡುವ ವಿಚಾರ ನೀವು ಕೇಳಿಲ್ಲ, ಆದರೂ ಒಂದು ಮಾತು. ಗಣಿತವೆಂದರೆ ಕೈಕಾಲು ನಡುಗುವ ಪೋಷಕರು ಪದೇ ಪದೇ ಹೋಂವರ್ಕ್‌ಗೆ ಸಹಾಯ ಮಾಡಿದ ಮನೆಗಳಲ್ಲಿ, ಒಂದು ಮತ್ತು ಎರಡನೆಯ ತರಗತಿಯ ಮಕ್ಕಳು ಗಣಿತವನ್ನು ಕಡಿಮೆ ಕಲಿತು ಭಯವನ್ನು ಹೆಚ್ಚು ಕಲಿತರೆಂದು 2015ರ ಒಂದು ಅಧ್ಯಯನ ಹೇಳಿದೆ. ನಿಮಗೂ ಗಣಿತ ಆಗಿಬಾರದಿದ್ದರೆ, ಪಕ್ಕದಲ್ಲಿ ಕೂರಿ, ಪೆನ್ಸಿಲ್ ಮುಟ್ಟಬೇಡಿ.

ಮಗಳಿಗೆ ಆ್ಯಪ್ ಬೇಡ. ಅಷ್ಟು ಚಿಕ್ಕ ತರಗತಿಯಲ್ಲಿ ಹೋಂವರ್ಕ್‌ಗೂ ಕಲಿಕೆಗೂ ಇರುವ ನಂಟೇ ತೆಳುವಾದದ್ದೆಂದು ಅಮೆರಿಕದ ಸಂಶೋಧಕ ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2006ರಲ್ಲಿ ತೋರಿಸಿದ್ದಾರೆ. ಆ ನಂಟು ಬಲವಾಗುವುದು ಪ್ರೌಢಶಾಲೆಯ ಮಟ್ಟದಲ್ಲಿ. ಅವಳ ಚೀಲವನ್ನು ಅವಳೊಡನೆ ಕೂತು ಬಿಚ್ಚಿದರೆ ಎಲ್ಲವೂ ಸಿಗುತ್ತದೆ, ಆ ವಯಸ್ಸಿನವರು ಕೇಳದಿದ್ದರೂ ಹೇಳುತ್ತಾರೆ. ಶಾಲೆಯವರು ಖಾತೆ ತೆರೆಯಲೇಬೇಕೆಂದರೆ ತೆರೆಯಿರಿ, ಸೂಚನೆಗಳು ಬಾರದಂತೆ ಮಾಡಿಡಿ.